ಹನ್ನೆರಡನೇ ನಂಬರು

ಗಾದಿಲಿಂಗಪ್ಪ ಮೇಷ್ಟ್ರು ನಿವೃತ್ತರಾಗಿ ಬಳ್ಳಾರಿಯ ಮನೆಗೆ ಬಂದು ಕೂತ ಮೇಲೆ ಆ ಮನೆಯಲ್ಲಿ ಎರಡು ಸಂಗತಿಗೆ ಕಡಿವಾಣ ಬಿತ್ತು. ಒಂದು, ಕಾಯಿಲೆ ಬಿದ್ದಾಗ ಡಾಕ್ಟರ ಹತ್ತಿರ ಹೋಗುವುದು. ಇನ್ನೊಂದು, ಗುಳಿಗೆ ನಡೆಯುತ್ತಿರುವಾಗ ಉಳ್ಳಾಗಡ್ಡಿ, ಬೆಳ್ಳುಳ್ಳಿ ತಿನ್ನುವುದು. ಮೊದಲನೆಯದನ್ನು ಹೇಗೋ ತಾಳಿಕೊಳ್ಳಬಹುದು, ರೊಟ್ಟಿಯ ಜೊತೆ ಹಸಿ ಉಳ್ಳಾಗಡ್ಡಿ ಕಡಿಯದೆ ಬಳ್ಳಾರಿಯವರು ತಾಳುವುದು ಹೇಗೆ? ಬ್ರೂಸ್‌ಪೇಟೆಯ ಜವಳಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ಮಗ ಮರಿಬಸಪ್ಪ ಸಂಜೆ ಮನೆಗೆ ಬರುವ ಮೊದಲು ಗಾಡಿಯ ಹತ್ತಿರ ನಿಂತು ಹಸಿ ಉಳ್ಳಾಗಡ್ಡಿ ಉದುರಿಸಿದ ಒಗ್ಗರಣೆ ಮಿರ್ಚಿ ತಿಂದು, ಮೇಲೆ ಎರಡು ಏಲಕ್ಕಿ ಅಗಿದು ಬರುತ್ತಿದ್ದ. ಮೂವತ್ತೆಂಟು ವರ್ಷದ ಗಂಡಸು, ಎರಡು ಮಕ್ಕಳ ತಂದೆ, ಅಪ್ಪನಿಗೆ ಬಾಯಿ ವಾಸನೆ ಸಿಕ್ಕೀತೆಂದು ಹೆದರುತ್ತಿದ್ದ.

ಮೇಷ್ಟ್ರು ಕುರುಗೋಡಿನ ಸಾಲೆಯಲ್ಲಿ ಇಪ್ಪತ್ತು ವರ್ಷ ಹೆಡ್‌ಮಾಸ್ತರರಾಗಿದ್ದವರು. ನೌಕರಿಯ ಕೊನೆಯ ವರ್ಷ ಅಂಚೆ ಮೂಲಕ ಬಯೋಕೆಮಿಕ್ ವೈದ್ಯದ ಪಾಠ ಕಲಿತು, ಪರೀಕ್ಷೆ ಬರೆದು, ಸರ್ಟಿಫಿಕೇಟು ತರಿಸಿ, ಕಟ್ಟು ಹಾಕಿಸಿ ಬಸವಣ್ಣನ ಪಟದ ಪಕ್ಕ ತೂಗುಹಾಕಿದ್ದರು. ಮನುಷ್ಯನ ಮೈಯಲ್ಲಿ ಹನ್ನೆರಡು ಲವಣಗಳಿವೆ, ಯಾವುದು ಕಡಿಮೆಯಾದರೂ ಕಾಯಿಲೆ, ಅದನ್ನು ತುಂಬಿಕೊಟ್ಟರೆ ಗುಣ ಎಂಬುದು ಆ ಪಾಠದ ಸಾರ. ಕಲ್ಕತ್ತೆಯಿಂದ ಪಾರ್ಸೆಲ್ಲಿನಲ್ಲಿ ಬರುತ್ತಿದ್ದ ಬಿಳಿ ಗುಳಿಗೆಗಳನ್ನು ಹನ್ನೆರಡು ಡಬ್ಬಿಗಳಲ್ಲಿ ತುಂಬಿ, ಅವುಗಳ ಲ್ಯಾಟಿನ್ ಹೆಸರು ಯಾರ ನಾಲಿಗೆಗೂ ಒಗ್ಗದ ಕಾರಣ ನಂಬರು ಬರೆದಿಟ್ಟಿದ್ದರು. ಜ್ವರಕ್ಕೆ ನಾಲ್ಕು. ಹೊಟ್ಟೆನೋವಿಗೆ ಎಂಟು, ಬಿಸಿನೀರಲ್ಲಿ ಕದಡಿ. ಕೀವಿಗೆ ಹನ್ನೆರಡು. ಒಂಬತ್ತನೆಯದು ಬರೀ ಅಡಿಗೆ ಉಪ್ಪಂತೆ ಎಂದು ತಿಳಿದ ದಿನ ಅವರ ಹೆಂಡತಿ ಅಕ್ಕನಾಗಮ್ಮ, ಹಾಗಾದರೆ ನಾನು ನಲವತ್ತು ವರ್ಷದಿಂದ ಈ ಮನೆಯಲ್ಲಿ ವೈದ್ಯಕೀ ಮಾಡುತ್ತಿದ್ದೇನೆ ಎಂದು ನಕ್ಕಿದ್ದಳು. ಮೇಷ್ಟ್ರು ನಗಲಿಲ್ಲ. ಆ ವಿಷಯದಲ್ಲಿ ಅವರಿಗೆ ತಮಾಷೆ ಆಗಿಬರುತ್ತಿರಲಿಲ್ಲ.

ದುಡ್ಡು ಮಾತ್ರ ಮುಟ್ಟುತ್ತಿರಲಿಲ್ಲ, ಅದನ್ನು ಹೇಳಲೇಬೇಕು. ಜನ ಸುಮ್ಮನಿರದೆ ಬದನೆಕಾಯಿಯೋ, ಒಂದು ಸೇರು ಶೇಂಗಾವೋ ತಂದು ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದರು. ಪ್ರತಿ ಸೋಮವಾರ ಮೊದಲ ಬಸ್ಸಿಗೆ ಕುರುಗೋಡಿಗೆ ಹೋಗಿ, ಹಳೆಯ ಶಿಷ್ಯ ಎರ್ರಣ್ಣನ ಮನೆಯ ಪಡಸಾಲೆಯಲ್ಲಿ ಮಧ್ಯಾಹ್ನದವರೆಗೆ ಕೂತು ಗುಳಿಗೆ ಕೊಟ್ಟು ಬರುತ್ತಿದ್ದರು. ತಾನಾಗಿ ಹೋಗುವ ನೆಗಡಿ, ತಾನಾಗಿ ಇಳಿಯುವ ಜ್ವರ ಎಲ್ಲವೂ ಮೇಷ್ಟ್ರ ಡಬ್ಬಿಯ ಲೆಕ್ಕಕ್ಕೇ ಜಮೆಯಾಗುತ್ತಿದ್ದವು. ಹೋಗದೆ ಉಳಿದದ್ದು ಪಥ್ಯ ತಪ್ಪಿದವರ ಲೆಕ್ಕಕ್ಕೆ. ಹಾಗಾಗಿ ಅವರು ಸೋತದ್ದೆಂಬುದೇ ಇರಲಿಲ್ಲ.

ಎಪ್ಪತ್ತನಾಲ್ಕನೇ ಇಸವಿಯ ಬೇಸಿಗೆಯಲ್ಲಿ ಮರಿಬಸಪ್ಪನ ಆರು ವರ್ಷದ ಮಗ ಗವಿಸಿದ್ದನ ಕಿವಿ ಸೋರಲು ಹತ್ತಿತು. ಅಜ್ಜ ಹನ್ನೆರಡನೇ ನಂಬರು ಶುರುಮಾಡಿದರು. ಇಪ್ಪತ್ತು ದಿನವಾದರೂ ನಿಲ್ಲಲಿಲ್ಲ. ದಿಂಬಿನ ಬಟ್ಟೆ ದಿನಾ ಒಗೆದರೂ ನಾರುತ್ತಿತ್ತು, ಹುಡುಗ ಆ ಮಗ್ಗುಲಿಗೆ ಮಲಗಲಾರದೆ ಅಳುತ್ತಿದ್ದ. ಮೇಷ್ಟ್ರು ಮಾತ್ರ, ಒಳಗಿರುವುದು ಹೊರಗೆ ಬರಬೇಕು, ಬರಲಿ, ಎನ್ನುತ್ತಿದ್ದರು.

ಸೊಸೆ ಚನ್ನವೀರಮ್ಮ ಗಂಡನನ್ನು ನೀರಿನ ತೊಟ್ಟಿಯ ಹತ್ತಿರ ತಡೆದು ನಿಲ್ಲಿಸಿದಳು. ಡಾಕ್ಟರಿಗೆ ತೋರಿಸೋಣ ಎಂದಳು. ಮರಿಬಸಪ್ಪ ಪಡಸಾಲೆಯ ಕಡೆ ನೋಡಿ ದನಿ ತಗ್ಗಿಸಿದ.

"ಅಪ್ಪಗ ತಿಳಿದ್ರ ಊಟ ಬಿಡ್ತಾನ. ನಿನಗ ಗೊತ್ತಿಲ್ಲೇನು?"

ಅವಳಿಗೆ ಗೊತ್ತಿತ್ತು. ಹಿಂದಿನ ವರ್ಷ ಅತ್ತೆ ತಲೆನೋವು ತಾಳಲಾರದೆ ಕಿರಾಣಿ ಅಂಗಡಿಯಿಂದ ಒಂದು ಗುಳಿಗೆ ತರಿಸಿ ನುಂಗಿದ್ದಕ್ಕೆ ಮೇಷ್ಟ್ರು ಎರಡು ದಿನ ಅನ್ನ ಮುಟ್ಟಿರಲಿಲ್ಲ. ಬೈಯಲಿಲ್ಲ, ಕೂಗಲಿಲ್ಲ. ತಾಟಿನ ಮುಂದೆ ಕೂತು ಕೈಮುಗಿದು ಎದ್ದು ಹೋಗುತ್ತಿದ್ದರು. ಬೈದಿದ್ದರೇ ಚೆನ್ನಾಗಿತ್ತು.

ಕೊನೆಗೆ ಗಂಡ ಹೆಂಡತಿ ಒಂದು ಉಪಾಯ ಹೂಡಿದರು. ಚನ್ನವೀರಮ್ಮ ತವರೂರು ರೂಪನಗುಡಿಗೆ ಒಂದು ವಾರಕ್ಕೆಂದು, ಗುಳಿಗೆಯ ಸೀಸೆ ಸಮೇತ, ಮಗನನ್ನು ಕರೆದುಕೊಂಡು ಹೋದಳು. ಅಲ್ಲಿಂದ ದಿನಾ ಬೆಳಿಗ್ಗೆ ಅವಳ ಅಣ್ಣ ತಾಯಿ ಮಗನನ್ನು ಬಸ್ಸಿನಲ್ಲಿ ಬಳ್ಳಾರಿಗೇ ಕರೆತಂದು, ಮೇಷ್ಟ್ರ ಕಣ್ಣಿಗೆ ಬೀಳದ ಹಾಗೆ ಕೌಲ್‌ಬಜಾರಿನ ಒಬ್ಬ ಡಾಕ್ಟರ ಮನೆಗೆ ಮುಟ್ಟಿಸುತ್ತಿದ್ದ. ತನ್ನ ಊರಿನಲ್ಲೇ ಕಳ್ಳಿಯ ಹಾಗೆ ಸೆರಗು ಮುಖಕ್ಕೆಳೆದುಕೊಂಡು ನಡೆಯುವಾಗ ಅವಳಿಗೆ ನಗುವೂ ಬರುತ್ತಿತ್ತು. ಆರು ದಿನ, ಆರು ಪೆನ್ಸಿಲಿನ್ ಸೂಜಿ. ಡಾಕ್ಟರು ಹತ್ತಿ ಸುತ್ತಿದ ಕಡ್ಡಿಯಿಂದ ಕಿವಿ ಒರೆಸಿ, ಇನ್ನೊಂದು ತಿಂಗಳು ನೀರು ಹೋಗದ ಹಾಗೆ ನೋಡಿಕೊಳ್ಳಮ್ಮ ಎಂದರು. ಕಿವಿ ಒಣಗಿತು. ಸೂಜಿಯ ಮಾತು ತೆಗೆದರೆ ಅಜ್ಜ ಅಳುತ್ತಾನೆ ಎಂದು ಹುಡುಗನಿಗೆ ಹೇಳಿಕೊಟ್ಟಳು. ಪಾಪ, ಅವನು ದೊಡ್ಡವರಿಗಿಂತ ಚೆನ್ನಾಗಿ ಬಾಯಿ ಕಟ್ಟಿಕೊಂಡ.

ತಾಯಿ ಮಗ ಮನೆಗೆ ಬಂದ ದಿನ ಮೇಷ್ಟ್ರು ಬ್ಯಾಟರಿ ಹಿಡಿದು ಮೊಮ್ಮಗನ ಕಿವಿಯೊಳಗೆ ನೋಡಿದರು. ಮತ್ತೊಮ್ಮೆ ನೋಡಿದರು. ಆಮೇಲೆ ಅವನನ್ನು ತೊಡೆಯ ಮೇಲೆ ಕೂಡಿಸಿಕೊಂಡು ಒಂದು ಹಿಡಿ ಸಕ್ಕರೆ ತಿನ್ನಿಸಿದರು. ಅಷ್ಟು ಸಂತೋಷ ಅವರ ಮುಖದಲ್ಲಿ ಸೊಸೆ ಕಂಡಿರಲಿಲ್ಲ. ಸುಳ್ಳಾದರೂ ಯಾರಿಗೂ ಕೇಡಿಲ್ಲದ ಸುಳ್ಳು ಎಂದುಕೊಂಡು ರೊಟ್ಟಿ ತಟ್ಟಲು ಹೋದಳು.

ಕೇಡಿಲ್ಲದ ಸುಳ್ಳಿಗೆ ಕಾಲು ಬಂದವು. ಜ್ಯೇಷ್ಠ ಮಾಸದಲ್ಲಿ ಕುರುಗೋಡಿನ ಒಂದು ಮದುವೆಗೆ ತಂದೆ ಮಗ ಕೂಡಿ ಹೋಗಿದ್ದರು. ಊಟವಾದ ಮೇಲೆ ಎರ್ರಣ್ಣನ ಪಡಸಾಲೆಯಲ್ಲಿ ಹತ್ತಿಪ್ಪತ್ತು ಮಂದಿ ಎಲೆ ಅಡಿಕೆ ಹಾಕುತ್ತ ಕೂತಿದ್ದರು. ಮೇಷ್ಟ್ರು ಮೊಮ್ಮಗನ ಕಿವಿಯ ಕಥೆ ಹೇಳಿ, ನನ್ನ ಮಾತು ಬೇಡ, ಹೆತ್ತ ತಂದೆಯನ್ನೇ ಕೇಳಿ ಎಂದರು. ಎಲ್ಲರೂ ಮರಿಬಸಪ್ಪನ ಕಡೆ ತಿರುಗಿದರು.

"ಹೌದ್ರಿ," ಎಂದ ಮರಿಬಸಪ್ಪ. "ಹನ್ನೆರಡನೇ ನಂಬರಿಗೇ ವಾಸಿ ಆತು."

ಬಸ್ಸಿನಲ್ಲಿ ಬರುವಾಗ ಅಪ್ಪ ಮಾತಾಡಿಸಬಾರದೆಂದು ಅವನು ಕಣ್ಣು ಮುಚ್ಚಿ ನಿದ್ದೆ ಬಂದವರ ಹಾಗೆ ಕೂತಿದ್ದ. ಅಂದಿನಿಂದ ಸೋಮವಾರದ ಜನ ಹೆಚ್ಚಾಯಿತು.

ಪಂಚಮಿಗೆ ಮಗಳು ಕೊಟ್ರಬಸಮ್ಮ ಸಿರುಗುಪ್ಪದಿಂದ ತವರಿಗೆ ಬಂದಳು. ಅವಳ ಗಂಡ ತಿಪ್ಪೇರುದ್ರಪ್ಪ ಅಲ್ಲಿನ ಒಂದು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ. ಐದು ವರ್ಷದ ಒಬ್ಬಳೇ ಮಗಳು ಜಂಬಮ್ಮ, ಮನೆಯಲ್ಲಿ ಜಂಬಿ. ಹುಡುಗಿಯ ಬಲಗಿವಿಯಲ್ಲಿ ಹತ್ತಿ ತುರುಕಿತ್ತು. ಹದಿನೈದು ದಿನದಿಂದ ಸೋರುತ್ತಿದೆ, ಗಂಡ ಡಾಕ್ಟರಿಗೆ ತೋರಿಸೋಣ ಎನ್ನುತ್ತಿದ್ದಾನೆ, ಅಪ್ಪನ ಕೈಗುಣ ಇರುವಾಗ ಯಾಕೆಂದು ನಾನೇ ತಡೆದು ಕರೆತಂದೆ ಎಂದಳು ಕೊಟ್ರಬಸಮ್ಮ. ಮೇಷ್ಟ್ರು ಆಗಲೇ ಹನ್ನೆರಡನೇ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದರು.

ಅಡಿಗೆಮನೆಯಲ್ಲಿ ಮೂವರು ಹೆಂಗಸರು ಹಬ್ಬದ ಅಳ್ಳಿಟ್ಟಿನ ಉಂಡೆಗೆ ಜೋಳ ಹುರಿಯುತ್ತಿದ್ದರು. ಅಕ್ಕನಾಗಮ್ಮ ಬೆಲ್ಲ ಕುಟ್ಟುತ್ತಿದ್ದಳು. ಕೊಟ್ರಬಸಮ್ಮ ಒಲೆಯ ಮುಂದೆ ಅತ್ತಿಗೆಯ ಪಕ್ಕಕ್ಕೆ ಸರಿದು ಕೂತು ಮೆಲ್ಲಗೆ ಕೇಳಿದಳು.

"ಅತ್ತಿಗಿ, ಖರೇ ಹೇಳು. ನಿನ್ನ ಮಗನ ಕಿವಿ ಆ ಗುಳಿಗಿಗೇ ವಾಸಿ ಆತೇನು?"

ಬೆಲ್ಲ ಕುಟ್ಟುವ ಸದ್ದು ಒಂದು ಕ್ಷಣ ನಿಂತಿತು. ಪಡಸಾಲೆಯಲ್ಲಿ ಮಾವನ ಕೆಮ್ಮು ಕೇಳಿಸಿತು. ಗೋಡೆಯಾಚೆ ಇರುವವರಿಗೆ ಕೇಳದ ಹಾಗೆ ಎರಡು ಮಾತು ಹೇಳುವುದು ಏನು ದೊಡ್ಡದಾಗಿರಲಿಲ್ಲ. ಆದರೆ ಹೇಳಿದರೆ ನಾದಿನಿ ಅಪ್ಪನಿಗೆ ಹೇಳದೆ ಇರುತ್ತಾಳೆಯೇ, ಹಬ್ಬದ ದಿನ ಮಾವ ತಾಟು ಬಿಟ್ಟೇಳುತ್ತಾರೆಯೇ, ಗಂಡ ತನ್ನನ್ನೇ ಮುಂದೆ ಮಾಡುತ್ತಾನೆಯೇ ಎಂದು ಚನ್ನವೀರಮ್ಮ ಯೋಚಿಸಿದಳು. ಜೋಳ ಸೀದು ಹೋಗುವಷ್ಟು ಹೊತ್ತು ಯೋಚಿಸಿದಳು.

"ಹೂಂ, ಆತಲ್ಲ," ಎಂದಳು. "ಒಣಗಿ ಹೋತು."

ಕೊಟ್ರಬಸಮ್ಮನ ಮುಖ ಅರಳಿತು. ಹಾಗಾದರೆ ನನಗೆ ಚಿಂತೆಯಿಲ್ಲ ಎಂದು ಎದ್ದು ಹೋಗಿ ಅಪ್ಪನಿಂದ ಎರಡು ಸೀಸೆ ಗುಳಿಗೆ ತುಂಬಿಸಿಕೊಂಡಳು.

ಮರುದಿನ ಬೆಳಿಗ್ಗೆ ಚನ್ನವೀರಮ್ಮ ಗಂಡನ ಅಂಗಿಗೆ ಗುಂಡಿ ಹಾಕುವ ನೆಪದಲ್ಲಿ ಅವನನ್ನು ಹಿಡಿದಳು. ತಂಗಿಗೆ ನಿಜ ಹೇಳಿಬಿಡು, ನನ್ನಿಂದಾಗಲಿಲ್ಲ ಎಂದಳು. ಅವನು, ಊರಿಗೆ ಹೋಗಲಿ, ನಾನು ಕಾರ್ಡು ಬರೆಯುತ್ತೇನೆ ಎಂದ. ಕಾರ್ಡು ತಂದದ್ದೂ ನಿಜ. ಆದರೆ ಕಾರ್ಡಿನಲ್ಲಿ ಬರೆದದ್ದನ್ನು ಅಂಚೆಯವನೂ ಓದುತ್ತಾನೆ, ಕವರು ತರಬೇಕು ಎಂದ. ಕವರು ತರುವಷ್ಟರಲ್ಲಿ ಕಾರ್ಡು ಅಂಗಿಯ ಜೇಬಿನಲ್ಲೇ ಒಗೆಯುವ ಕಲ್ಲಿಗೆ ಹೋಗಿ ಮುದ್ದೆಯಾಯಿತು. ಕವರು ಬಂದಾಗ ಶ್ರಾವಣ ಮುಗಿದಿತ್ತು. ಏನೆಂದು ಬರೆಯುವುದು, ಹೇಗೆ ಶುರುಮಾಡುವುದು ಎಂದು ಅವನು ಅವಳನ್ನೇ ಕೇಳಿದ. ಅವಳು ಕಸಬರಿಗೆ ಹಿಡಿದುಕೊಂಡು ಆಚೆ ಹೋದಳು.

ಗಿರಣಿಯ ಲಾರಿಯ ಜೊತೆ ತಿಪ್ಪೇರುದ್ರಪ್ಪ ಹದಿನೈದು ದಿನಕ್ಕೊಮ್ಮೆ ಬ್ರೂಸ್‌ಪೇಟೆಗೆ ಅಕ್ಕಿ ತರುತ್ತಿದ್ದ. ಬಂದಾಗಲೆಲ್ಲ ಮಾವನ ಮನೆಯಲ್ಲಿ ಊಟ. ಸೋರುವುದು ಕಡಿಮೆಯಾಗಿದೆ, ವಾಸನೆ ಮಾತ್ರ ಹೆಚ್ಚಾಗಿದೆ, ಹುಡುಗಿ ತಲೆನೋವೆಂದು ಅಳುತ್ತಾಳೆ ಎಂದು ಅವನು ವರದಿ ಒಪ್ಪಿಸುತ್ತಿದ್ದ. ಮೇಷ್ಟ್ರು ತಲೆಯಾಡಿಸಿ, ಗುಳಿಗೆ ಹಿಡಿಯುತ್ತಿರುವ ಲಕ್ಷಣ ಅದು ಎನ್ನುತ್ತಿದ್ದರು. ತಲೆನೋವಿಗೆಂದು ಇನ್ನೊಂದು ನಂಬರು ಕೂಡಿಸುತ್ತಿದ್ದರು. ಉಳ್ಳಾಗಡ್ಡಿ ಹಾಕುತ್ತಿಲ್ಲ ತಾನೆ ಎಂದು ತಪ್ಪದೆ ಕೇಳುತ್ತಿದ್ದರು.

ಅವನು ಮೂರನೇ ಸಲ ಬಂದಾಗ ಚನ್ನವೀರಮ್ಮ ಮಜ್ಜಿಗೆಯ ತಂಬಿಗೆ ಹಿಡಿದು ಬಾಗಿಲವರೆಗೆ ಅವನ ಹಿಂದೆ ಬಂದಳು.

"ಅಣ್ಣಾರ, ಒಮ್ಮೆ ಡಾಕ್ಟರಿಗೂ ತೋರಿಸ್ರಿ."

ತಿಪ್ಪೇರುದ್ರಪ್ಪ ಮಜ್ಜಿಗೆ ಕುಡಿದು ಮೀಸೆ ಒರೆಸಿಕೊಂಡ. "ನಾನೂ ಅದನ್ನ ಅಂತೀನಿ ತಂಗಿ. ನಮ್ಮಾಕಿ ಕೇಳಂಗಿಲ್ಲ. ಒಣಗಿ ಹೋತು ಅಂತ ನೀವ ಹೇಳೀರಂತಲ್ಲ? ಆ ಮಾತು ಹಿಡಕೊಂಡು ಕುಂತಾಳ."

ಅವಳು ಖಾಲಿ ತಂಬಿಗೆ ಇಸಿದುಕೊಂಡಳು. ಹೇಳಬೇಕಾದ ಮಾತು ಬಾಯಿಗೆ ಬಂದೂ ಬಂತು. ಅಷ್ಟರಲ್ಲಿ ಬೀದಿಯಲ್ಲಿ ಲಾರಿಯ ಹಾರನ್ ಆಯಿತು, ಅವನು ಚಪ್ಪಲಿ ಮೆಟ್ಟಿದ. ಹಾರನ್ ಆದದ್ದಕ್ಕೆ ಅವಳಿಗೆ ಸಮಾಧಾನವಾಯಿತು. ಆ ಸಮಾಧಾನ ನೆನೆದಾಗಲೆಲ್ಲ ಮುಂದೆ ಎಷ್ಟೋ ವರ್ಷ ಅವಳಿಗೆ ತನ್ನ ಮೇಲೆ ಹೇಸಿಗೆಯಾಗುತ್ತಿತ್ತು.

ಮಹಾನವಮಿ ಕಳೆದು ನಾಲ್ಕನೇ ದಿನ ಅದೇ ಲಾರಿ ಅಕ್ಕಿಯ ಬದಲು ಜಂಬಿಯನ್ನು ಹೊತ್ತು ತಂದಿತು. ಮೈ ಕಾದ ಹಂಚಾಗಿತ್ತು. ಕಿವಿಯ ಹಿಂದೆ ನಿಂಬೆಕಾಯಿ ಗಾತ್ರ ಬಾತು, ಕಿವಿಯೇ ಮುಂದಕ್ಕೆ ಬಾಗಿತ್ತು. ತಿಪ್ಪೇರುದ್ರಪ್ಪ ಈ ಸಲ ಮಾವನ ಮನೆಗೆ ಬರಲಿಲ್ಲ, ನೇರ ದೊಡ್ಡಾಸ್ಪತ್ರೆಗೆ ಹೋಗಿ, ಅಲ್ಲಿಂದ ಹೇಳಿ ಕಳಿಸಿದ. ಮನೆಯವರು ಹೋಗುವಷ್ಟರಲ್ಲಿ ಡಾಕ್ಟರು ಹುಡುಗಿಯನ್ನು ನೋಡುತ್ತಿದ್ದರು. ಎಷ್ಟು ದಿನದಿಂದ ಎಂದು ಕೇಳಿದರು. ಮೂರು ತಿಂಗಳು ಎಂದಳು ಕೊಟ್ರಬಸಮ್ಮ. ಏನು ಕೊಟ್ಟಿರಿ ಎಂದು ಕೇಳಿದರು. ಅವಳು ಸೊಂಟದ ಸಂಚಿಯಿಂದ ಸೀಸೆ ತೆಗೆದು ತೋರಿಸಿದಳು. ಡಾಕ್ಟರು ಬೈಯುತ್ತಾರೆಂದು ಎಲ್ಲರೂ ಕಾದರು. ಅವರು ಸೀಸೆಯನ್ನು ತಿರುಗಿಸಿ ನೋಡಿ ಅವಳ ಕೈಗೇ ವಾಪಸು ಕೊಟ್ಟು, ಆಪರೇಷನ್ನಿಗೆ ತಯಾರು ಮಾಡಿ ಎಂದು ನರ್ಸಿಗೆ ಹೇಳಿ ಒಳಗೆ ಹೋದರು.

ಮೇಷ್ಟ್ರು ಅವರ ಹಿಂದೆ ನಾಲ್ಕು ಹೆಜ್ಜೆ ನಡೆದರು.

"ಇದ ಗುಳಿಗಿಗೆ ನನ್ನ ಇನ್ನೊಬ್ಬ ಮೊಮ್ಮಗಗ ಪೂರಾ ವಾಸಿ ಆಗೇತ್ರಿ ಡಾಕ್ಟ್ರ. ನೋಡ್ರಿ, ಅವರಪ್ಪ ಇಲ್ಲೇ ನಿಂತಾನ."

ಡಾಕ್ಟರು ತಿರುಗಲಿಲ್ಲ. ಮರಿಬಸಪ್ಪ ಗೋಡೆಗೆ ಅಂಟಿಸಿದ್ದ ಕ್ಷಯರೋಗದ ಜಾಹೀರಾತನ್ನು ಓದುತ್ತ ನಿಂತ.

ಕಿವಿಯ ಹಿಂದಿನ ಎಲುಬು ಕೊರೆದು ಕೀವು ತೆಗೆದರು. ಇನ್ನೆರಡು ದಿನ ತಡವಾಗಿದ್ದರೆ ಮೆದುಳಿಗೆ ಹತ್ತುತ್ತಿತ್ತು ಎಂದರು. ಹುಡುಗಿ ಉಳಿದಳು. ಬಲಗಿವಿ ಉಳಿಯಲಿಲ್ಲ. ಆ ಕಡೆಯಿಂದ ಇನ್ನು ಏನೂ ಕೇಳಿಸುವುದಿಲ್ಲ ಎಂದು ಡಾಕ್ಟರು ತಿಪ್ಪೇರುದ್ರಪ್ಪನಿಗೆ ಒಂದೇ ಮಾತಿನಲ್ಲಿ ಹೇಳಿದರು.

ಹತ್ತು ದಿನಕ್ಕೆ ಆಸ್ಪತ್ರೆಯಿಂದ ಬಿಟ್ಟರು. ಪಟ್ಟಿ ಬದಲಿಸಲು ದಿನ ಬಿಟ್ಟು ದಿನ ಬರಬೇಕಾದ್ದರಿಂದ ತಾಯಿ ಮಗಳು ತವರುಮನೆಯಲ್ಲೇ ಉಳಿಯಬೇಕಾಯಿತು. ತಿಪ್ಪೇರುದ್ರಪ್ಪ ಅವರನ್ನು ಬಾಗಿಲಿಗೆ ಬಿಟ್ಟು, ಕಟ್ಟೆಯ ಮೇಲೆ ನಿಂತೇ ನೀರು ಕುಡಿದು ಹೋದ. ಒಳಗೆ ಬಾ ಎಂದು ಕರೆಯುವ ಧೈರ್ಯ ಯಾರಿಗೂ ಆಗಲಿಲ್ಲ.

ಆ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಪುಡಿ. ಯಾರೂ ಮಾತಾಡುತ್ತಿರಲಿಲ್ಲ. ಹತ್ತು ದಿನದಲ್ಲಿ ಮೇಷ್ಟ್ರು ಹತ್ತು ವರ್ಷ ಮುದುಕರಾಗಿದ್ದರು. ಡಬ್ಬಿಗಳನ್ನು ಮುಟ್ಟಿರಲಿಲ್ಲ, ಪುಸ್ತಕ ಮಾತ್ರ ಮತ್ತೆ ಮತ್ತೆ ತಿರುವಿ ಹಾಕುತ್ತಿದ್ದರು. ಒಂದೇ ಬೇನೆ, ಒಂದೇ ನಂಬರು, ಅಲ್ಲಿ ಗುಣವಾದದ್ದು ಇಲ್ಲಿ ಯಾಕೆ ಆಗಲಿಲ್ಲ? ರೊಟ್ಟಿಯ ಚೂರು ಹಿಡಿದುಕೊಂಡು ಮಗಳ ಕಡೆ ನೋಡಿದರು.

"ಕೊಟ್ರವ್ವಾ, ಹುಡುಗಿಗೆ ಎಂದರ ಉಳ್ಳಾಗಡ್ಡಿ ಕೊಟ್ಟಿದ್ದೇನು?"

ಕೊಟ್ರಬಸಮ್ಮ ಜಂಬಿಗೆ ಅನ್ನ ಕಲಸುತ್ತಿದ್ದಳು. ಕೈ ನಿಂತಿತು.

"ಒಂದ ದಿನ ಅಪ್ಪಾ. ನವಮಿ ದಿನ ಬಾಜೂ ಮನಿಯವರು ಉಳ್ಳಾಗಡ್ಡಿ ಬಜಿ ಕೊಟ್ರು. ಬೇಕು ಅಂತ ಅತ್ಲು. ಎರಡು ಬಜಿ ನಾನ ಕೈಯಾರ ತಿನಿಸೀನಿ." ಅನ್ನದ ಕೈಯಿಂದಲೇ ತಲೆ ತಲೆ ಬಡಿದುಕೊಂಡಳು. "ನನ್ನ ಮಗಳ ಕಿವಿ ನಾನ ತಿಂದೆ ಅಪ್ಪಾ."

ಮೇಷ್ಟ್ರು ಉಸಿರು ಬಿಟ್ಟರು. ಹತ್ತು ದಿನ ಎದೆಯ ಮೇಲಿದ್ದ ಭಾರ ಇಳಿದ ಹಾಗೆ ಬಿಟ್ಟರು. ಹಾಗಾದರೆ ಸರಿ, ಅದಕ್ಕೇ ಹಾಗಾಯಿತು ಎನ್ನುತ್ತ ರೊಟ್ಟಿಯ ಚೂರನ್ನು ಪಲ್ಯಕ್ಕೆ ಅದ್ದಿದರು. ಮಗಳನ್ನು ನೋಯಿಸಬೇಕೆಂದು ಹೇಳಿದ ಮಾತಲ್ಲ ಅದು. ಆದರೂ ಆ ಚೂರು ಅವರ ಬಾಯಿಗೆ ಹೋಗುವುದನ್ನು ಚನ್ನವೀರಮ್ಮನಿಗೆ ನೋಡಲಾಗಲಿಲ್ಲ. ಜಂಬಿಯನ್ನು ಅರ್ಧ ಕಿವುಡು ಮಾಡಿದವರು ತಾವು ಗಂಡ ಹೆಂಡತಿ, ಎರಡು ಬಜ್ಜಿಗಾಗಿ ತಲೆ ಬಡಿದುಕೊಳ್ಳುತ್ತಿರುವವಳು ನಾದಿನಿ. ಸೊಸೆ ರೊಟ್ಟಿಯ ಬುಟ್ಟಿ ಕೆಳಗಿಟ್ಟಳು.

"ಉಳ್ಳಾಗಡ್ಡಿಯಿಂದ ಅಲ್ಲ ಮಾವಾರ," ಎಂದಳು. "ನಮ್ಮ ಗವಿಸಿದ್ದನ ಕಿವಿ ನಿಮ್ಮ ಗುಳಿಗಿಗೆ ವಾಸಿ ಆಗಿಲ್ಲ. ಕೌಲ್‌ಬಜಾರಿನ ಡಾಕ್ಟರ ಹತ್ರ ಆರು ಸೂಜಿ ಹಾಕಿಸೀನಿ. ಅದಕ್ಕಂತನ ತವರಿಗೆ ಹೋಗೋ ನೆವ ಮಾಡಿದ್ದೆ."

ಮರಿಬಸಪ್ಪ ತಾಟಿನ ಮೇಲೆ ಇನ್ನಷ್ಟು ಬಾಗಿದ. ಮೇಷ್ಟ್ರು ಮಗನನ್ನು ನೋಡಿ, ಇವಳು ಹೇಳುವುದು ನಿಜವೇ ಎಂದು ಕೇಳಿದರು. ಅವನು ತಲೆಯೆತ್ತದೆ ಹೌದೆಂದ. ಹೆಂಡತಿಯ ಕಡೆ ತಿರುಗಿದರು. ಅಕ್ಕನಾಗಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ನನಗೂ ಗೊತ್ತಿತ್ತು. ಊರಿಂದ ಬಂದ ದಿನ ಹುಡುಗನ ಅಂಗಿ ಸ್ಪಿರಿಟ್ ವಾಸನಿ ಹೊಡೀತಿತ್ತು. ಒಗದು ಹಾಕಿದೆ, ಸುಮ್ಮನಾದೆ."

"ಮನಿ ಮಂದಿಗೆಲ್ಲ ಗೊತ್ತು. ನನಗೊಬ್ಬಗ ಯಾಕ ಹೇಳಲಿಲ್ಲ?"

"ನಿಮಗ ಹೇಳೋ ಹಂಗ ನೀವು ಯಾರನ್ನ ಇಟ್ಟಿದ್ರಿ?"

ಅಕ್ಕನಾಗಮ್ಮ ಅಷ್ಟು ವರ್ಷದ ಸಂಸಾರದಲ್ಲಿ ಗಂಡನಿಗೆ ಎದುರಾಡಿದ್ದು ಅದೊಂದೇ ಮಾತು. ಮೇಷ್ಟ್ರು ಉಳಿದ ರೊಟ್ಟಿಯನ್ನು ತಾಟಿನ ಅಂಚಿಗೆ ಸರಿಸಿದರು. ಆದರೆ ಊಟ ಬಿಟ್ಟು ಏಳಲಿಲ್ಲ. ತಾಟು ಬಿಟ್ಟು ಏಳುವುದು ಇಷ್ಟು ದಿನ ಮನೆಯವರನ್ನು ಯಾವ ಗತಿಗೆ ತಂದಿತ್ತೆಂದು ಅವರಿಗೆ ತಿಳಿದಿರಬೇಕು. ನಾಚಿಕೆ ಎಂದರೆ ಏನೆಂದು ಅರವತ್ತೆರಡನೇ ವಯಸ್ಸಿನಲ್ಲಿ ಅವರು ಅಂದು ಕಂಡರು.

ಕೊಟ್ರಬಸಮ್ಮ ಅಳು ನಿಲ್ಲಿಸಿದ್ದಳು. ಅತ್ತಿಗೆಯನ್ನೇ ನೋಡುತ್ತಿದ್ದಳು.

"ಒಲೀ ಮುಂದ ಕುಂತು ನಿನ್ನ ಕೇಳಿದ್ದೆ ಅತ್ತಿಗಿ. ಖರೇ ಹೇಳು ಅಂತ ಕೇಳಿದ್ದೆ."

ಮರಿಬಸಪ್ಪ ಎದ್ದು ಬಂದು ತಂಗಿಯ ಮುಂದೆ ಎಂಜಲಗೈಯಲ್ಲೇ ಕೈ ಜೋಡಿಸಿದ. ಅವಳು ಮುಖ ತಿರುಗಿಸಿದಳು.

"ನನಗ ಕೈಮುಗದು ಏನು ಮಾಡ್ತೀಯಣ್ಣಾ? ನನ್ನ ಮಗಳದು ಆಗಿ ಹೋತು. ಕುರುಗೋಡಿನಾಗ ಅಪ್ಪ ಎಷ್ಟು ಮಂದಿಗೆ ಕೊಟ್ಟಾನ, ನಿಮ್ಮ ಮಾತು ಕೇಳಿ ಎಷ್ಟು ಮಂದಿ ಕುಂತಾರ. ಹೋಗಿ ಅವರಿಗೆ ಹೇಳ್ರಿ."

ಆಮೇಲಿನ ನಾಲ್ಕು ದಿನ ಆ ಮನೆಯಲ್ಲಿ ಕೊಟ್ರಬಸಮ್ಮ ತನ್ನ ತಾಟು ತಾನೇ ತೊಳೆದಳು. ಜಂಬಿಯ ಗಂಜಿ ತಾನೇ ಕಾಯಿಸಿದಳು. ಅತ್ತಿಗೆ ಬಡಿಸಿದರೆ ಬೇಡವೆನ್ನುತ್ತಿರಲಿಲ್ಲ, ಸಾಕೆಂದೂ ಹೇಳುತ್ತಿರಲಿಲ್ಲ. ಬಡಿಸಿದಷ್ಟು ತಿಂದು ಏಳುತ್ತಿದ್ದಳು. ಅವಳು ಬೈದಾಡಿದ್ದರೆ ಚನ್ನವೀರಮ್ಮ ತಲೆ ತಗ್ಗಿಸಿ ಕೇಳಿ ಹಗುರಾಗುತ್ತಿದ್ದಳು. ಆ ಹಗುರವನ್ನು ನಾದಿನಿ ಅವಳಿಗೆ ಕೊಡಲಿಲ್ಲ.

ಸೋಮವಾರ ಬೆಳಿಗ್ಗೆ ಮೇಷ್ಟ್ರು ಸ್ನಾನ ಮಾಡಿ, ವಿಭೂತಿ ಹಚ್ಚಿ, ಬರಿಗೈಯಲ್ಲಿ ಬಾಗಿಲಿಗೆ ಬಂದು ನಿಂತರು. ಅಂಗಡಿಗೆ ರಜೆ ಹೇಳಿ ಕಳಿಸು ಎಂದು ಮಗನಿಗೆ ಹೇಳಿದರು. ಸೊಸೆ ಕಂಬದ ಮರೆಯಲ್ಲಿದ್ದಳು. ನೀನೂ ಬಾರವ್ವ ಎಂದರು. ಮದುವೆಯಾಗಿ ಬಂದ ಹನ್ನೆರಡು ವರ್ಷದಲ್ಲಿ ಮಾವ ತನ್ನನ್ನು ನೇರವಾಗಿ ಕರೆದದ್ದು ಅವಳಿಗೆ ನೆನಪಿರಲಿಲ್ಲ.

ಎರ್ರಣ್ಣನ ಪಡಸಾಲೆಯಲ್ಲಿ ಆಗಲೇ ಇಪ್ಪತ್ತು ಇಪ್ಪತ್ತೈದು ಮಂದಿ ಕೂತಿದ್ದರು. ಎರಡು ವಾರ ಮೇಷ್ಟ್ರು ಬಾರದೆ ಇದ್ದುದಕ್ಕೆ ಜನ ಇನ್ನೂ ಹೆಚ್ಚಾಗಿ ಬಂದಿದ್ದರು. ಮೇಷ್ಟ್ರು ತಮ್ಮ ಜಾಗದಲ್ಲಿ ಕೂರಲಿಲ್ಲ. ನಿಂತೇ ಮಗನಿಗೆ ಹೇಳು ಎಂದರು. ಮರಿಬಸಪ್ಪ ಗಂಟಲು ಸರಿಮಾಡಿಕೊಂಡ. ನನ್ನ ಮಗನ ಕಿವಿ ಎಂದ. ಅಲ್ಲಿಗೇ ನಿಂತ. ಜ್ಯೇಷ್ಠದಲ್ಲಿ ಅಷ್ಟು ಸಲೀಸಾಗಿ ಬಂದ ಮಾತು ಈಗ ಬರಲಿಲ್ಲ. ಮುಂದಿನ ಸಾಲಿನಲ್ಲಿ ಕೂತ ಒಬ್ಬ ಮುದುಕ, ಗೊತ್ತಪ್ಪ, ಆವತ್ತು ಹೇಳಿದಿಯಲ್ಲ, ಹನ್ನೆರಡನೇ ನಂಬರು ಎಂದು ಸಹಾಯ ಮಾಡಿದ. ಮರಿಬಸಪ್ಪನ ಕಣ್ಣಲ್ಲಿ ನೀರು ತುಂಬಿತು.

ಚನ್ನವೀರಮ್ಮ ಒಳಬಾಗಿಲಲ್ಲಿ ಎರ್ರಣ್ಣನ ಮನೆಯ ಹೆಂಗಸರ ನಡುವೆ ನಿಂತಿದ್ದಳು. ಹೊಸ್ತಿಲು ದಾಟಿ ಪಡಸಾಲೆಗೆ ಬಂದಳು. ಗಂಡಸರ ಸಭೆಯಲ್ಲಿ ಅವಳು ಈ ಮೊದಲು ಬಾಯಿ ತೆರೆದವಳಲ್ಲ. ಆರು ಸೂಜಿಯ ಸಂಗತಿ, ರೂಪನಗುಡಿಯ ಸುಳ್ಳು, ಒಲೆಯ ಮುಂದೆ ನಾದಿನಿ ಕೇಳಿದ್ದು, ತಾನು ಹೂಂ ಎಂದದ್ದು, ಜಂಬಿಯ ಕಿವಿ ಹೋದದ್ದು, ಯಾವುದನ್ನೂ ಬಿಡದೆ ಹೇಳಿದಳು. ಮಾವನವರಿಗೆ ಇದೇನೂ ಗೊತ್ತಿರಲಿಲ್ಲ ಎಂದೂ ಹೇಳಿದಳು.

ಗೊತ್ತು ಮಾಡಿಕೊಳ್ಳುವ ಮನುಷ್ಯ ನಾನಾಗಿರಲಿಲ್ಲ ಎಂದರು ಮೇಷ್ಟ್ರು. ಇನ್ನು ಮೇಲೆ ನಾನು ಯಾರಿಗೂ ಗುಳಿಗೆ ಕೊಡುವುದಿಲ್ಲ, ದೊಡ್ಡ ಬೇನೆ ಇದ್ದವರು ದಯವಿಟ್ಟು ಡಾಕ್ಟರಿಗೆ ತೋರಿಸಿ ಎಂದು ಕೈಮುಗಿದರು. ಅವರ ಮುಂದೆ ಕೂತವರಲ್ಲಿ ಅರ್ಧ ಮಂದಿ ಅವರ ಹತ್ತಿರ ಅಕ್ಷರ ಕಲಿತವರು. ಯಾರಿಗೂ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಎರ್ರಣ್ಣ, ಇರಲಿ ಮೇಷ್ಟ್ರೆ, ನಮಗೆಲ್ಲ ಒಳ್ಳೆಯದೇ ಆಗಿದೆ ಎಂದ. ಒಬ್ಬ ಮುದುಕಿ, ಮೊಣಕಾಲಿಗೆ ಕೊಡುತ್ತಿದ್ದುದನ್ನಾದರೂ ಇವತ್ತು ಕೊಟ್ಟುಬಿಡಿ ಎಂದು ಕೇಳಿದಳು. ಮೇಷ್ಟ್ರು ತಲೆ ಅಲ್ಲಾಡಿಸಿದರು. ಜನ ಒಬ್ಬೊಬ್ಬರಾಗಿ ಎದ್ದು ಹೋಗಲು ಶುರುಮಾಡಿದರು. ಹೋಗುವಾಗ ಕೆಲವರು ತಾವು ತಂದ ಬದನೆಕಾಯಿ, ಸೌತೆಕಾಯಿಗಳನ್ನು ಮತ್ತೆ ಚೀಲಕ್ಕೆ ಹಾಕಿಕೊಂಡರು.

ಕೊನೆಗೆ ಕಂಬದ ಪಕ್ಕ ಒಬ್ಬ ಹೆಂಗಸು ಉಳಿದಳು. ವಿರೂಪಮ್ಮ ಎಂದು, ಊರಾಚೆ ಕಲ್ಲು ಒಡೆಯುವವರ ಕೇರಿಯವಳು. ತೊಡೆಯ ಮೇಲೆ ಎರಡು ವರ್ಷದ ಗಂಡುಮಗು ಮಲಗಿತ್ತು. ಅವಳು ಮಗುವಿನ ತಲೆಯ ಮೇಲಿನ ಬಟ್ಟೆ ಸರಿಸಿದಳು. ಕಿವಿಯಿಂದ ಕೆನ್ನೆಯವರೆಗೆ ಹಳದಿ ಕರೆ ಒಣಗಿ ನಿಂತಿತ್ತು.

"ಒಂದೂವರಿ ತಿಂಗಳಾತು, ತಪ್ಪದಂಗ ಹಾಕೀನಿ," ಎಂದಳು ವಿರೂಪಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅರ್ಥವಾಗದ ಹೆದರಿಕೆ ಇತ್ತು. "ನಿಮ್ಮ ಹುಡುಗಗ ವಾಸಿ ಆಗೇತಿ ಅಂದಿದ್ದಕ್ಕ ನಾನೂ ಕುಂತೆ. ಈಗ ಇವಗ ಏನು ಮಾಡ್ಲಿ? ಬಳ್ಳಾರ್ಯಾಗ ನನಗ ಯಾರೂ ಗೊತ್ತಿಲ್ಲ. ಎಲ್ಲಿಗೆ ಅಂತ ಹೋಗ್ಲಿ?"

ಮೇಷ್ಟ್ರು ಗೋಡೆ ಹಿಡಿದುಕೊಂಡು ಕೆಳಗೆ ಕೂತರು. ಮರಿಬಸಪ್ಪ ಬೆನ್ನು ತಿರುಗಿಸಿ ನಿಂತ. ಚನ್ನವೀರಮ್ಮ ಬಗ್ಗಿ ಮಗುವನ್ನು ಎತ್ತಿ, ಸೋರುವ ಕಿವಿ ತನ್ನ ಭುಜಕ್ಕೆ ಬರುವ ಹಾಗೆ ಮಲಗಿಸಿಕೊಂಡಳು. ಆ ವಾಸನೆ ಅವಳಿಗೆ ಗುರುತಿನದು.

"ಏಳವ್ವ, ಬಸ್ಸಿಗೆ ಹೊತ್ತಾತು," ಎಂದಳು. "ಡಾಕ್ಟರ ಮನಿ ನನಗ ಗೊತ್ತೈತಿ."